ಇಪ್ಪತ್ತೊಂದು ಮಿಲಿಮೀಟರ್

ಮಂಡಿಪೇಟೆಯ ಮೆಡಿಕಲ್ ಶಾಪಿನ ಹುಡುಗ
ಗಾಜಿನ ಮೇಲೆ ಮೂರು ಡಬ್ಬಿ ಇಟ್ಟು
ಕಣ್ಣು ಮಾತ್ರ ಗೋಡೆಯ ಕ್ಯಾಲೆಂಡರಿಗೆ ನೆಟ್ಟ.
"ಆ ಐಟಮ್ಮು ಅಕ್ಕ, ಅದು..." ಅಂತಾನೆ,
ಹೆಸರು ಹೇಳಿದರೆ ನಾಲಿಗೆ ಸುಟ್ಟೀತೆಂಬಂತೆ.
ಎಂಟು ವರ್ಷ, ಕಿಕ್ಕಿರಿದ ಬಸ್ಸಿನಲ್ಲಿ
ಗಂಡಸರ ಭುಜ ಸರಿಸಿ ಟಿಕೆಟ್ ಕೊಟ್ಟವಳು,
ನಾನೇ ಹೇಳಿದೆ: ಹಾಲು ತೆಗೆಯೋ ಮಿಷನ್ನಪ್ಪ,
ಕರೆಂಟಿಂದು. ತೋರ್ಸು.

ಒಂದಕ್ಕೆ ಗೋಡೆ ಬೇಕು, ವೈರು ಬಿಟ್ಟು ಬಾರದು.
ಇನ್ನೊಂದು ಎರಡೂ ಕಡೆ ಒಟ್ಟಿಗೆ, ಹತ್ತೇ ನಿಮಿಷ,
ಬೆಲೆ ಕೇಳಿ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟೆ.
ಮೂರನೆಯದು ಅಂಗೈಯಗಲ, ಬ್ಯಾಟರಿಯದು.
ಡಬ್ಬಿಯ ಮೇಲೆ ನಗುತ್ತಿದ್ದಾಳೆ ಒಬ್ಬ ತಾಯಿ,
ಅವಳ ಅಂಗಿಗೆ ಒಂದು ಕಲೆಯೂ ಇಲ್ಲ.

ನಿಂತಲ್ಲೇ ನನ್ನ ರೂಟು ಎಣಿಸಿದೆ.
ದಾವಣಗೆರೆ ಬಿಡುವುದು ಆರೂ ಹತ್ತು.
ಹರಿಹರದಲ್ಲಿ ಐದು ನಿಮಿಷ, ಅದೂ ಟೀ ಕುಡಿಯಲು.
ರಾಣೆಬೆನ್ನೂರಿನ ಕೋಣೆಯಲ್ಲಿ ಒಂದೇ ಪ್ಲಗ್ಗು,
ಅದರಲ್ಲಿ ಯಾವಾಗಲೂ ಯಾರದೋ ಮೊಬೈಲು.
ಹಾವೇರಿಯಲ್ಲಿ ಬಾಗಿಲಿದೆ. ಚಿಲಕ ಇಲ್ಲ.

ನಿಜಗುಣನಿಗೆ ಫೋನು ಹಚ್ಚಿದೆ.
ಪಿ.ಬಿ. ರಸ್ತೆಯಲ್ಲಿ ನಟ್ಟು, ಬೋಲ್ಟು, ಬೇರಿಂಗು ಮಾರುವವನು,
ಪ್ರೀತಿಯನ್ನೂ ಮಿಲಿಮೀಟರಿನಲ್ಲೇ ಆಡುವವನು.
"ಸೈಜು ಕೇಳಿದ್ಯಾ? ವಾಷರು
ಒಂದು ನೂಲು ಜಾಸ್ತಿ ಆದ್ರೂ ಸೋರ್ತತಿ,
ಕಮ್ಮಿ ಆದ್ರೆ ಕಚ್ಕಂತತಿ."

ಹೌದಲ್ಲ, ಎದೆಗೆ ಕೂರುವ ಆ ಪಾರದರ್ಶಕ ಆಲಿಕೆಗೂ ಅಳತೆ ಇದೆ,
ಇಪ್ಪತ್ತೊಂದು, ಇಪ್ಪತ್ತನಾಲ್ಕು, ಇಪ್ಪತ್ತೆಂಟು.
ರಾತ್ರಿ ಅಂಗಡಿಯ ಕ್ಯಾಲಿಪರು ತಂದ.
ಗ್ರೀಸು ಹೋಗುವ ತನಕ ಸೋಪು ಹಚ್ಚಿ ತಿಕ್ಕಿದ,
ಬಿಸಿನೀರಿಗೆ ಅದ್ದಿದ,
ಆಮೇಲೆ ಉಸಿರು ಬಿಗಿಹಿಡಿದು ಅಳೆದ.
ಎಡಗಡೆ ಹದಿನೇಳು. ಬಲಗಡೆ ಹದಿನೆಂಟೂವರೆ.
"ಒಂದೇ ಕಂಪನಿ ಮಾಲು, ನೋಡು" ಅಂದ,
ಇಬ್ಬರೂ ನಕ್ಕ ನಗೆಗೆ ಕೂಸು ಎದ್ದಿತು.

ನನ್ನ ಬಾಣಂತನಕ್ಕೆಂದು ಬಂದು ಉಳಿದ ಅಜ್ಜಿ ಹಾಲಮ್ಮ
ಹೊಸ್ತಿಲ ಬಳಿ ಕೂತು ಕೇಳಿದಳು, "ಎಷ್ಟು ಕೊಟ್ಟೆ?"
ಅರ್ಧ ಹೇಳಿದೆ.
ಹತ್ತಿ ಮಿಲ್ಲಿನ ಸೈರನ್ನಿಗೆ ಎದ್ದು ಮಲಗಿದವಳು ಆಕೆ.
ಎರಡನೇ ಪಾಳಿಯಲ್ಲಿ ಎದೆ ಕಲ್ಲಾದಾಗ
ಕಕ್ಕಸಿನ ಗೋಡೆಗೆ ಹಿಂಡಿ ಬರುತ್ತಿದ್ದಳಂತೆ,
ಮೇಲೊಂದು ಚೆಂಬು ನೀರು, ಇರುವೆ ಮುತ್ತಬಾರದೆಂದು.
"ನಿಮ್ಮಪ್ಪ ಮನ್ಯಾಗೆ ಗಂಜಿ ಕುಡೀತಿದ್ದ,
ಗ್ವಾಡಿ ನನ್ನ ಹಾಲು ಕುಡೀತಿತ್ತು."
ಇಷ್ಟಂದು ಎಲೆಗೆ ಸುಣ್ಣ ಸವರಿದಳು.
ಬೈದಳೋ ಹರಸಿದಳೋ, ಕೇಳುವ ಧೈರ್ಯವಾಗಲಿಲ್ಲ.

ಬ್ಯಾಟರಿಯದನ್ನೇ ತಂದೆ. ಇಪ್ಪತ್ತೊಂದರ ಆಲಿಕೆ.
ಮೊದಲ ಸಲ ಗುಂಡಿ ಒತ್ತಿದೆ,
ರ್ರ್ ಎಂದು ಎಳೆಯಿತು, ನಿಂತಿತು, ಮತ್ತೆ ರ್ರ್.
ರೈಟ್, ರೈಟ್. ಹೋಲ್ಡಾನ್.
ರೈಟ್, ರೈಟ್. ಹೋಲ್ಡಾನ್.
ಎಂಟು ವರ್ಷ ನಾನು ಕೂಗಿದ್ದೆಲ್ಲ
ಈಗ ನನ್ನ ಮೈಗೇ ಕೂಗುತ್ತಿದೆ ಈ ಡಬ್ಬಿ,
ಒಳಗಿನವರು ಯಾರೂ ಇಳಿಯಲೊಲ್ಲರು.

ಕೂಸಿನ ಕುಲಾವಿ ತಂದು ಮೂಗಿಗೆ ಹಿಡಿದೆ,
ಬಜೆ, ಎಣ್ಣೆ, ಸಾಂಬ್ರಾಣಿ ಹೊಗೆ.
ಆಗ ಒಂದು ಹನಿ,
ಚಿಲ್ಲರೆ ಕೊಡಲು ಮನಸ್ಸಿಲ್ಲದವರ ಹಾಗೆ.
ಇನ್ನೊಂದು. ಮತ್ತೆ ಸಣ್ಣಗೆ ಧಾರೆ.
ಮೂವತ್ತರ ಗೆರೆ ಮುಟ್ಟಿ ನಿಂತಿತು, ಕೈ ಜೋಮು ಹಿಡಿದಿತ್ತು.
ನಿಜಗುಣ ಬಾಟಲಿಗೆ ಚೀಟಿ ಅಂಟಿಸಿ
ತಾರೀಖು, ಟೈಮು, ಅಭ್ಯಾಸಬಲದಿಂದ
"ನಗ ಒಂದು" ಎಂದೂ ಬರೆದ.

ಸೋಮವಾರ ಡ್ಯೂಟಿ.
ನಡುರಾತ್ರಿ ನೀರಿಗೆಂದು ಎದ್ದರೆ ಅಡುಗೆಮನೆಯಲ್ಲಿ ಬೆಳಕು.
ಫ್ರಿಜ್ಜಿನ ಬಾಗಿಲು ತೆರೆದು ಅಜ್ಜಿ ನಿಂತಿದ್ದಾಳೆ,
ದೋಸೆ ಹಿಟ್ಟಿನ ಪಕ್ಕದ ಬಾಟಲಿಯನ್ನು
ಮುಟ್ಟದೆ ನೋಡುತ್ತ.
"ಕೆಡಂಗಿಲ್ಲೇನು ಇದು?"
ನಾಲ್ಕು ದಿನ ಇರ್ತತಿ ಅಂದ್ರು ಅಜ್ಜಿ, ಡಾಕ್ಟರು.
"ನಾಲ್ಕು ದಿನ?"
ಬಾಗಿಲು ತೆರೆದೇ ಇತ್ತು. ಒಳಗೆ ಮೋಟಾರು ಗುಂಯ್ ಎಂದು ಶುರುವಾಯಿತು.
"ನಾಲ್ಕು ದಿನಾನಾ?"